ನೋಯದ ಹುಣ್ಣು

ಜೂನ್ ಕೊನೆಯ ವಾರ ಯೋಗೀಶನ ಎಡಗಾಲಿನ ಹರಡಿನ ಪಕ್ಕ ಒಂದು ಗುಳ್ಳೆ ಎದ್ದಿತು. ಕಡಲೆಕಾಳಿನಷ್ಟು. ಮುಟ್ಟಿದರೆ ಗಟ್ಟಿ. ನೋವಿಲ್ಲ.

"ಸೊಳ್ಳೆ ಕಚ್ಚಿರ್ಬೇಕು," ಎಂದ.

"ಸಿಡ್ನಿ ಚಳೀಲಿ ಸೊಳ್ಳೆ ಎಲ್ಲಿಂದ ಬಂತು?" ಎಂದಳು ಹೆಂಡತಿ ಗಾನವಿ.

"ಹಾಗಾದ್ರೆ ಜೇಡ."

ಅವರು ಸಿಡ್ನಿಯ ವೆಸ್ಟ್‌ಮೀಡ್‌ಗೆ ಬಂದು ಮೂರು ತಿಂಗಳಾಗಿತ್ತು. ಗಾನವಿಗೆ ಇಲ್ಲಿ ಆಫೀಸ್ ಕೆಲಸ ಸಿಕ್ಕಿತೆಂದು ಮಾರ್ಚ್‌ನಲ್ಲಿ ಮೆಲ್ಬರ್ನಿನ ಎಸೆಂಡನ್‌ನ ಬಾಡಿಗೆ ಮನೆ ಬಿಟ್ಟು ಬಂದಿದ್ದರು. ಯೋಗೀಶ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಕಾಲು ಸರಿಯಿಲ್ಲದಿದ್ದರೆ ಆ ಕೆಲಸವಿಲ್ಲ.

ಊರಿಂದ ಬರುವಾಗಲೆಲ್ಲ ಸೂಟ್‌ಕೇಸಿನಲ್ಲಿ ತಂದು ತುಂಬಿಸಿದ ಔಷಧಿ ಡಬ್ಬ ಅವರ ಮನೆಯಲ್ಲೂ ಇತ್ತು. ಯೋಗೀಶ ಅದರಿಂದ ಮುಲಾಮು ತೆಗೆದು ಹಚ್ಚಿದ. ಹಿಂದೆಂದೋ ಉಳಿದಿದ್ದ ಆಂಟಿಬಯೋಟಿಕ್ ನುಂಗಿದ. ಹತ್ತು ದಿನಕ್ಕೆ ಗುಳ್ಳೆ ಒಡೆಯಿತು. ಒಡೆದ ಮೇಲೂ ನೋಯಲಿಲ್ಲ.

"ನೋವೇ ಇಲ್ಲ ಅಂದ್ಮೇಲೆ ಒಣಗ್ತಾ ಇದೆ ಅಂತ ತಾನೇ ಅರ್ಥ," ಎಂದ.

ಅದು ಒಣಗುತ್ತಿರಲಿಲ್ಲ. ಬಟಾಣಿಯಷ್ಟಿದ್ದದ್ದು ಬಾಟಲಿಯ ಮುಚ್ಚಳದಷ್ಟಾಯಿತು. ಗಾನವಿ ಬಲವಂತ ಮಾಡಿ ಸ್ಟೇಷನ್ ಹತ್ತಿರದ ಕ್ಲಿನಿಕ್ಕಿಗೆ ಕಳಿಸಿದಳು. ಇತ್ತೀಚೆಗೆ ಎಲ್ಲಾದರೂ ಪ್ರಯಾಣ ಮಾಡಿದ್ದೀರಾ ಎಂದು ಡಾಕ್ಟರ್ ಕೇಳಿದರು. ಇಲ್ಲ, ಇಂಡಿಯಾಗೆ ಹೋಗಿ ಎರಡು ವರ್ಷವಾಯಿತು ಎಂದ ಯೋಗೀಶ. ಕೀಟ ಕಚ್ಚಿ ಸೋಂಕಾಗಿದೆ ಎಂದು ಡಾಕ್ಟರ್ ಒಂದು ವಾರದ ಮಾತ್ರೆ ಬರೆದರು.

ಗಾನವಿ ದಿನಾ ಬೆಳಿಗ್ಗೆ ಹುಣ್ಣಿನ ಸುತ್ತ ಪೆನ್ನಿನಿಂದ ಗೆರೆ ಎಳೆದಳು. ಮಾತ್ರೆ ಮುಗಿಯುವ ಹೊತ್ತಿಗೆ ಹುಣ್ಣು ಮೂರು ಗೆರೆ ದಾಟಿತ್ತು.

ಆ ಶನಿವಾರ ಅವಳು ಹತ್ತಿ ಕಡ್ಡಿಯಿಂದ ಅಂಚನ್ನು ಒರೆಸುತ್ತಿದ್ದಳು. ಕಡ್ಡಿಯ ತುದಿ ಅಂಚಿನ ಚರ್ಮದ ಕೆಳಗೆ ಜಾರಿತು. ನಿಲ್ಲಲಿಲ್ಲ. ಹತ್ತಿ ಪೂರ್ತಿ ಒಳಗೆ ಹೋಯಿತು. ಗಾನವಿ ಗಂಡನ ಮುಖ ನೋಡಿದಳು. ಅವನು ಕ್ರಿಕೆಟ್ ನೋಡುತ್ತಿದ್ದ. ಅವನಿಗೆ ಗೊತ್ತೇ ಆಗಿರಲಿಲ್ಲ.

ಅವಳು ಕಡ್ಡಿಯನ್ನು ಮೆಲ್ಲಗೆ ಎಳೆದು, ಫೋಟೊ ತೆಗೆದು, ಮೆಲ್ಬರ್ನಿನ ನೀಲಾಂಬಿಕಾಗೆ ಕಳಿಸಿದಳು.

ನೀಲಾಂಬಿಕಾ ಗಾನವಿಯ ಮೈಸೂರು ಹಾಸ್ಟೆಲಿನ ಗೆಳತಿ. ಕಾಡುಪ್ರಾಣಿಗಳ ರೋಗದ ಮೇಲೆ ಸಂಶೋಧನೆ ಮಾಡುತ್ತಾಳೆ. ಬೆಳಗಾಗುತ್ತಲೇ ಬೀದಿ ಬೀದಿ ತಿರುಗಿ, ಬೇಲಿಗಳ ಬುಡದಲ್ಲಿ ಬಿದ್ದ, ಮರಗಳ ಮೇಲೆ ಬದುಕುವ ಬೆಕ್ಕಿನಷ್ಟು ದೊಡ್ಡ ಪ್ರಾಣಿ ಪಾಸಮ್‌ನ ಹಿಕ್ಕೆಯನ್ನು ಕೊಳವೆಗೆ ತುಂಬಿ ಲ್ಯಾಬಿಗೆ ಒಯ್ಯುವುದು ಅವಳ ಕೆಲಸ. ಪಿಎಚ್‌ಡಿ ಮಾಡಿ ಹಿಕ್ಕೆ ಹೆಕ್ಕುವವಳು ಎಂದು ಯೋಗೀಶ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ.

ಎರಡೇ ನಿಮಿಷಕ್ಕೆ ವಿಡಿಯೊ ಕಾಲ್ ಬಂತು.

"ಭಾವ, ಕಾಲು ತೋರ್ಸಿ."

"ಏನ್ ಮೇಡಂ, ಹಿಕ್ಕೆ ಬಿಟ್ಟು ಮನುಷ್ಯರ ಕಾಲಿಗೆ ಬಂದ್ರಾ?"

ನೀಲಾ ನಗಲಿಲ್ಲ. "ಇನ್ನೂ ಹತ್ರ. ಬೆಳಕಿಗೆ ಹಿಡೀರಿ." ಬಹಳ ಹೊತ್ತು ನೋಡಿದಳು. "ಡಿಸೆಂಬರ್‌ನಲ್ಲಿ ನಿಮ್ಮ ಎಸೆಂಡನ್ ಮನೆ ಬೇಲಿ ಹತ್ರ ಹಿಕ್ಕೆ ತಗೊಂಡು ಹೋಗಿದ್ದೆ. ಜನವರೀಲಿ ಫೋನ್ ಮಾಡಿ ಏನ್ ಹೇಳಿದ್ದೆ?"

"ಅದ್ರಲ್ಲಿ ಏನೋ ಬ್ಯಾಕ್ಟೀರಿಯಾ ಸಿಕ್ಕಿದೆ ಅಂದ್ರಿ."

"ಮತ್ತೆ?"

"ಕರಿಬೇವಿನ ಕುಂಡದ ತಟ್ಟೇಲಿ ನೀರು ನಿಲ್ಲಿಸ್ಬೇಡಿ ಅಂದ್ರಿ."

"ಚೆಲ್ಲಿದ್ರಾ?"

ಯೋಗೀಶ ಹೆಂಡತಿಯ ಕಡೆ ನೋಡಿದ. ಗಾನವಿ ಹೇಳಿದಳು: "ದಿನಾ ಸಂಜೆ ಚಡ್ಡಿ ಹಾಕ್ಕೊಂಡು ಅದೇ ಕುಂಡದ ಪಕ್ಕ ಕೂತ್ಕೊಂಡು ಟೀ ಕುಡೀತಿದ್ರು."

"ಆದ್ರೆ ನೀಲಾ, ಅದಾಗಿ ಆರು ತಿಂಗಳಾಯ್ತು," ಎಂದ ಯೋಗೀಶ. "ಸೊಳ್ಳೆ ಆಗ ಕಚ್ಚಿದ್ರೆ ಈಗ ಹುಣ್ಣಾಗುತ್ತಾ?"

"ಇದು ಹಾಗೇನೇ. ಆ ಬ್ಯಾಕ್ಟೀರಿಯಾ ಪಾಸಮ್ ಮೈಯಲ್ಲಿರುತ್ತೆ, ಹಿಕ್ಕೇಲಿ ಹೊರಗೆ ಬರುತ್ತೆ, ಸೊಳ್ಳೆ ಅದನ್ನ ನಮಗೆ ಚುಚ್ಚುತ್ತೆ. ಚರ್ಮದ ಕೆಳಗೆ ನಾಲ್ಕೈದು ತಿಂಗಳು ತೆಪ್ಪಗಿರುತ್ತೆ. ಬುರೂಲಿ ಅಲ್ಸರ್ ಅಂತಾರೆ."

"ನೋವೇ ಇಲ್ವಲ್ಲ. ನೋವಿಲ್ದೇ ಇರೋದಕ್ಕೆ ಯಾಕಿಷ್ಟು ಭಯ?"

"ನೋವಿಲ್ಲ ಅಂತಾನೇ ಭಯ, ಭಾವ. ಅದು ಬಿಡೋ ವಿಷಕ್ಕೆ ಆ ಜಾಗ ಮರಗಟ್ಟುತ್ತೆ. ಒಳಗೆ ತಿಂತಾ ಇದ್ರೂ ನಿಮಗೆ ಗೊತ್ತಾಗಲ್ಲ. ಈಗ ಕಾಣ್ತಿರೋದು ಬಾಗಿಲು ಅಷ್ಟೆ. ರೂಮ್ ಎಷ್ಟು ದೊಡ್ಡದಿದೆಯೋ." ನಂತರ ಕೇಳಿದಳು: "ಈ ರೋಗ ಎಸೆಂಡನ್ ಕಡೆ ಇದೆ, ಸಿಡ್ನೀಲಿ ಇಲ್ಲ. ಡಾಕ್ಟರ್‌ಗೆ ಆ ಹೆಸರು ಹೇಳಿದ್ರಾ?"

"ಟ್ರಾವೆಲ್ ಮಾಡಿದ್ರಾ ಅಂತ ಕೇಳಿದ್ರು. ಇಂಡಿಯಾಗೆ ಹೋಗಿಲ್ಲ ಅಂದೆ."

"ಮೆಲ್ಬರ್ನಿಂದ ಬಂದೆ ಅಂತ?"

"ಅದೇನ್ ಟ್ರಾವೆಲ್ಲಾ? ಮನೆ ಶಿಫ್ಟ್ ಮಾಡಿದ್ವಿ."

"ನಾವೆಲ್ಲ ಹೀಗೇ. ಟ್ರಾವೆಲ್ ಅಂದ್ರೆ ಇಂಡಿಯಾ ಒಂದೇ ನೆನಪಾಗುತ್ತೆ," ಎಂದಳು ನೀಲಾ. "ನಾನು ಡಾಕ್ಟರ್ ಅಲ್ಲ. ಟೆಸ್ಟ್ ಆಗ್ದೆ ಇದೇ ಅಂತ ಹೇಳಲ್ಲ. ಇವತ್ತೇ ಹೋಗಿ. ಆರು ತಿಂಗಳಲ್ಲಿ ಎಲ್ಲೆಲ್ಲಿ ಇದ್ರಿ ಹೇಳಿ. ಬುರೂಲಿಗೆ ಟೆಸ್ಟ್ ಮಾಡಿ ಅಂತ ಬಾಯಿಬಿಟ್ಟು ಕೇಳಿ."

ಗಾನವಿ ಫೋನನ್ನು ಅಡುಗೆಮನೆಗೆ ಒಯ್ದಳು. "ಇಂಚರಾಗೆ ಅಂಟುತ್ತಾ?"

"ಒಬ್ರಿಂದ ಒಬ್ರಿಗೆ ಅಂಟಲ್ಲ. ಆದ್ರೆ ಅವಳೂ ಅದೇ ಹಿತ್ತಿಲಲ್ಲಿ ಆಡಿದ್ಲು. ಮೈಯೆಲ್ಲ ನೋಡು."

ಆರು ವರ್ಷದ ಮಗಳು ಇಂಚರಾಳನ್ನು ಗಾನವಿ ಕಿಟಕಿಯ ಬೆಳಕಿಗೆ ನಿಲ್ಲಿಸಿದಳು. ಕುತ್ತಿಗೆ, ಮೊಣಕೈ, ಕಾಲ್ಬೆರಳ ಸಂದು. ಎಡ ಮೊಣಕಾಲಿನ ಕೆಳಗೆ ಒಂದು ಕೆಂಪು ಗುರುತಿತ್ತು. ಗಾನವಿ ಅದನ್ನು ಒತ್ತಿದಳು.

"ಅಮ್ಮಾ, ಇಟ್ ಹರ್ಟ್ಸ್," ಎಂದು ಇಂಚರಾ ಕಾಲು ಎಳೆದುಕೊಂಡಳು. ನಿನ್ನೆ ಶಾಲೆಯಲ್ಲಿ ಬಿದ್ದ ಗಾಯ.

ಮಗಳಿಗೆ ನೋವಾಯಿತೆಂದು ಗಾನವಿಗೆ ಸಮಾಧಾನವಾದದ್ದು ಅದೇ ಮೊದಲು.

ಅದೇ ಡಾಕ್ಟರ್ ಎಸೆಂಡನ್ ಎಂಬ ಹೆಸರು ಕೇಳಿ ಬರೆಯುವುದನ್ನು ನಿಲ್ಲಿಸಿದರು. ಹುಣ್ಣಿನ ಅಂಚಿನಡಿಯಿಂದ ಸ್ವಾಬ್ ತೆಗೆದರು. ಐದನೆಯ ದಿನ ಫಲಿತಾಂಶ ಬಂತು. ಬುರೂಲಿಯೇ.

ಆಸ್ಪತ್ರೆಯ ತಜ್ಞೆ ಎಂಟು ವಾರದ ಮಾತ್ರೆ ಬರೆದರು. ಒಳಗೆ ಸತ್ತ ಭಾಗ ಹೆಚ್ಚಿದೆ, ಕತ್ತರಿಸಿ ತೆಗೆದು ತೊಡೆಯ ಚರ್ಮ ಹಾಕಬೇಕಾಗಬಹುದು ಎಂದರು. ಮೊದಲೇ ಬಂದಿದ್ದರೆ ಎಂದು ಗಾನವಿ ಕೇಳಿದಳು. ಗುಳ್ಳೆಯಾಗಿದ್ದಾಗ ಬಂದಿದ್ದರೆ ಬಹುಶಃ ಮಾತ್ರೆಯಲ್ಲೇ ಮುಗಿಯುತ್ತಿತ್ತು ಎಂದರು ತಜ್ಞೆ.

ಮನೆಗೆ ಬಂದವನೇ ಯೋಗೀಶ ವಿಕ್ರಮ್‌ಗೆ ಫೋನ್ ಮಾಡಿದ. ಎಸೆಂಡನ್ ಮನೆಗೆ ಇವರ ನಂತರ ಬಂದವನು ಆ ಗೆಳೆಯ.

"ಕರಿಬೇವಿನ ಕುಂಡ ಹಿತ್ತಿಲಲ್ಲೇ ಇದ್ಯಾ?"

"ಇದೆ ಗುರು. ಚಳಿಗೆ ಸೊರಗಿದೆ. ಯಾಕೆ, ವಾಪಸ್ ಬೇಕಾ?"

"ಕೆಳಗಿನ ತಟ್ಟೇಲಿ ನೀರಿದ್ಯಾ?"

"ಮಳೆ ಬಂದ್ರೆ ಇರುತ್ತಪ್ಪ."

"ಮೊದ್ಲು ಅದನ್ನ ಚೆಲ್ಲು." ಯೋಗೀಶ ಎಲ್ಲವನ್ನೂ ಹೇಳಿದ. ವಿಕ್ರಮ್ ನಕ್ಕ.

"ಪಾಸಮ್ ಹಿಕ್ಕೆ ವಿಷಯಕ್ಕೆ ಸಿಡ್ನಿಯಿಂದ ಫೋನಾ? ನಿನಗೂ ನೀಲಾ ಮೇಡಂ ಗಾಳಿ ಬಡೀತಾ?"

ಯೋಗೀಶ ವಾದ ಮಾಡಲಿಲ್ಲ. ಕಾಲಿನ ಫೋಟೊ ಕಳಿಸಿದ. ಆ ಕಡೆ ನಗು ನಿಂತಿತು.

"ಗುರು," ಎಂದ ವಿಕ್ರಮ್, ದನಿ ತಗ್ಗಿಸಿ. "ಸಂಧ್ಯಾಗೆ ಮೊಣಕೈ ಹತ್ರ ಒಂದು ಗುಳ್ಳೆ ಇದೆ. ಒಂದು ವಾರ ಆಯ್ತು. ದಿನಾ ಒಗ್ಗರಣೆಗೆ ಎಲೆ ಕೀಳೋಕೆ ಹೋಗೋಳು ಅವಳೇ."

"ನೋಯುತ್ತಂತಾ?"

"ಇಲ್ಲ ಅಂತಾಳೆ."

"ಹೊರಡು."

"ಸೋಮವಾರ—"

"ಈಗ ಹೊರಡು ವಿಕ್ರಮ್. ನಾನೂ ಸೋಮವಾರ ಸೋಮವಾರ ಅಂತಾನೇ ಇದ್ದೆ."

ವಿಕ್ರಮ್‌ನ ಹೆಂಡತಿ ಸಂಧ್ಯಾರಾಣಿಗೂ ಅದೇ ರೋಗ. ಅವಳಿಗೆ ಎಂಟು ವಾರದ ಮಾತ್ರೆ ಸಾಕಾಯಿತು. ಮೊಣಕೈ ಮೇಲೆ ಹುಡುಕಿದರೆ ಸಿಗುವಷ್ಟು ಕಲೆ ಉಳಿಯಿತು. ಯೋಗೀಶನಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಚರ್ಮ ತೆಗೆದ ತೊಡೆ ವಾರಗಟ್ಟಲೆ ಉರಿಯಿತು. ಕಾಲು ಉಳಿಯಿತು, ಆದರೆ ಹರಡು ಪೂರ್ತಿ ಮಡಚುವುದಿಲ್ಲ. ಫೋರ್ಕ್‌ಲಿಫ್ಟನ್ನು ಈಗ ಬೇರೊಬ್ಬ ಓಡಿಸುತ್ತಾನೆ. ಯೋಗೀಶ ಅದೇ ಗೋದಾಮಿನಲ್ಲಿ ಕೂತು ಪಾರ್ಸೆಲ್‌ಗಳಿಗೆ ಚೀಟಿ ಅಂಟಿಸುತ್ತಾನೆ.

ಓದುತ್ತಿರುವ ನೀವು ಈಗ ಎದ್ದು ಹಿತ್ತಿಲಿಗೆ ಹೋಗಿ. ಕುಂಡದ ತಟ್ಟೆ, ಬಕೆಟ್ಟು, ಮಕ್ಕಳು ಬಿಟ್ಟ ಆಟದ ಸಾಮಾನು, ಎಲ್ಲಿ ನೀರು ನಿಂತಿದ್ದರೂ ಚೆಲ್ಲಿ. ಹೊರಗೆ ಕೂರುವಾಗ ಕೈಕಾಲು ಮುಚ್ಚುವ ಬಟ್ಟೆ ಹಾಕಿ, ಸೊಳ್ಳೆ ಬರದಂತೆ ಮುಲಾಮು ಹಚ್ಚಿ. ಪಾಸಮ್‌ಗಳನ್ನು ಹೊಡೆಯಬೇಡಿ, ಓಡಿಸಬೇಡಿ. ರೋಗ ಅವಕ್ಕೂ ಬರುತ್ತದೆ. ನಿಮ್ಮ ಬೀದಿಯಲ್ಲಿ ಹಿಕ್ಕೆ ಹೆಕ್ಕುವವರು ಕಂಡರೆ ನಗಬೇಡಿ, ಅವರು ಹೇಳುವುದನ್ನು ಕೇಳಿ. ವಾಸಿಯಾಗದ ಗುಳ್ಳೆ, ಹುಣ್ಣು ಏನಿದ್ದರೂ, ನೋವಿರಲಿ ಬಿಡಲಿ, ಸೂಟ್‌ಕೇಸಿನ ಔಷಧಿ ಹಚ್ಚಿ ದಿನ ದೂಡಬೇಡಿ. ಡಾಕ್ಟರ್ ಹತ್ತಿರ ಹೋಗಿ. ಎಲ್ಲಿಗೆ ಹೋಗಿದ್ದಿರಿ ಎಂದು ಅವರು ಕೇಳಿದಾಗ ಇಂಡಿಯಾ ಒಂದನ್ನೇ ನೆನೆಯಬೇಡಿ. ಆರು ತಿಂಗಳ ಹಿಂದೆ ನೀವು ಸಂಜೆ ಟೀ ಕುಡಿದ ಹಿತ್ತಿಲು ಯಾವ ಸಬರ್ಬಿನದು ಎಂಬುದನ್ನೂ ಹೇಳಿ.