ಒಂದೇ ಕಂಪ್ಯೂಟರಿಗೆ ಮೂರು ಕಾವಲು

ಸಮೋವಾದ ನಮ್ಮ ಹಳ್ಳಿಯಲ್ಲಿ ಮಹಿಳಾ ಸಮಿತಿಯ ಕಂಪ್ಯೂಟರೇ ಅರ್ಧ ಆಸ್ಪತ್ರೆ. ರಾಜಧಾನಿ ಆಪಿಯಾದ ಡಾಕ್ಟರು ಅದರ ಪರದೆಯಲ್ಲೇ ಮಕ್ಕಳನ್ನು ನೋಡುತ್ತಾರೆ. ಅದರ ಉಸ್ತುವಾರಿ ಅಧ್ಯಕ್ಷೆ ತಾಉಸಾಗಾ ಅವರದು.

ನಮ್ಮೂರ ಲೂಪೆ ಎಂಬಾಕೆಯ ಕೂಸಿಗೆ ಜ್ವರ ಏರಿದ ಬೆಳಿಗ್ಗೆ ಕಂಪ್ಯೂಟರ್ ಕೈಕೊಟ್ಟಿತು. ಡಾಕ್ಟರ ಮುಖ ಅರ್ಧ ಮೂಡಿ ಅಲ್ಲೇ ನಿಂತಿತು, ದನಿಯೇ ಇಲ್ಲ. ಲೂಪೆ ಕೂಸನ್ನು ಅವಚಿಕೊಂಡು ಬಸ್ಸು ಹತ್ತಿ ದೂರದ ಆಸ್ಪತ್ರೆಗೆ ಹೋದಳು. ಕೂಸೇನೋ ಉಳಿಯಿತು. ಆದರೆ ಭಾನುವಾರ ಚರ್ಚು ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ಸದಾ ಮುಂದೆ ಕೂರುವ ತಾಉಸಾಗಾ ಕಂಬದ ಮರೆಗೆ ಸರಿದರು. ತೆಂಗಿನ ಹಾಲಲ್ಲಿ ಬೆಂದ ಕೆಸುವಿನೆಲೆಯನ್ನು ಪಕ್ಕದ ಮಗುವಿನ ತಟ್ಟೆಗೆ ಹಾಕಿದರು.

ಮಾರನೇ ದಿನ ನರ್ಸ್ ವಾಯೊಲೇಟಿ ಬಂದು ಕಂಪ್ಯೂಟರ್ ತೆರೆದಳು. ವೈರಸ್ ತಡೆಯುವ ಒಂದೇ ಸಾಫ್ಟ್‌ವೇರ್ ಹಳತೂ ಹೊಸತೂ ಸೇರಿ ಮೂರು ಸಲ ಕೂತಿತ್ತು. ಯಾರು ಹಾಕಿದ್ದೆಂದು ಕೇಳಿದಳು.

ತಾಉಸಾಗಾ ನೆಲ ನೋಡಿದರು. ಆಕ್ಲೆಂಡಿನಿಂದ ಬಂದ ಮೂವರು ತಮ್ಮಂದಿರು ಒಬ್ಬೊಬ್ಬರೂ ಒಂದೊಂದು ಪೆನ್‌ಡ್ರೈವಿನಲ್ಲಿ ಅದನ್ನೇ ತಂದಿದ್ದರಂತೆ.

"ಪ್ರೀತಿಯಿಂದ ತಂದಿದ್ದನ್ನ ಬೇಡ ಅನ್ನೋಕಾಗುತ್ತೇನೇ? ಒಬ್ಬನದ್ದು ಹಾಕಿ ಇನ್ನೊಬ್ಬನದ್ದು ಬಿಟ್ರೆ ಅವನಿಗೆ ಅವಮಾನ. ಅಲ್ದೆ ಕಾವಲಿಗೆ ಮೂರು ಜನ ಇದ್ರೆ ಒಳ್ಳೇದಲ್ವಾ?"

"ಆ ಮೂರೂ ಒಂದನ್ನೊಂದು ತಪಾಸಣೆ ಮಾಡ್ತಾ ಕೂತಿವೆ, ಅತ್ತೆ. ಡಾಕ್ಟ್ರಿಗೆ ದಾರಿ ಬಿಡೋರ್ಯಾರು? ಮದುವೇಲಿ ಉಡುಗೊರೆ ಬಂದ ನವಿರು ಚಾಪೆಗಳನ್ನ ಏನ್ಮಾಡ್ತೀರ?"

"ಮಡಿಸಿ ಹಾಸಿಗೆ ಕೆಳಗಿಡ್ತೀನಿ."

"ಎಲ್ಲಾನೂ ಬಾಗಿಲಲ್ಲಿ ಹಾಸಲ್ಲ ತಾನೆ? ಪೆನ್‌ಡ್ರೈವನ್ನೂ ಹಾಗೇ ಇಸ್ಕೊಂಡು ಎತ್ತಿಡಿ."

ಪರದೆಯ ಮೇಲಿನ ಐಕಾನ್ ಅಳಿಸಿದ ಮಾತ್ರಕ್ಕೆ ಸಾಫ್ಟ್‌ವೇರ್ ಹೋಗುವುದಿಲ್ಲ ಎಂದು ವಾಯೊಲೇಟಿ ತಿಳಿಸಿದಳು. ತಾಉಸಾಗಾ ಅವರ ಕೈಯಿಂದಲೇ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಎರಡನ್ನು ಅನ್‌ಇನ್‌ಸ್ಟಾಲ್ ಮಾಡಿಸಿ, ಕಂಪ್ಯೂಟರನ್ನು ಆಫ್ ಮಾಡಿಸಿ ಮತ್ತೆ ಹಚ್ಚಿಸಿ, ಉಳಿದದ್ದನ್ನು ಅಪ್‌ಡೇಟ್ ಮಾಡಿಸಿದಳು. ಆಪಿಯಾಕ್ಕೆ ಕರೆ ಮಾಡಿದಾಗ ಡಾಕ್ಟರ ಮುಖ ಪೂರ್ತಿ ಮೂಡಿತು, ಮಾತೂ ಕೇಳಿತು. ಅದನ್ನು ಕಂಡು ತಾಉಸಾಗಾ ಅವರಿಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಇದ್ದದ್ದು ಇಷ್ಟೇ ಕೆಲಸ.

ಅಂದೇ ಸಂಜೆ ಅವರು ಮಡಿಸಿಟ್ಟ ಚಾಪೆಗಳಲ್ಲಿ ಅತ್ಯಂತ ನವಿರಾದದ್ದನ್ನು ತೆಗೆದು ತಲೆತುಂಬ ಹೊದ್ದು ಲೂಪೆಯ ಮನೆಯೆದುರು ನೆಲದಲ್ಲಿ ಕೂತರು. ದೊಡ್ಡ ತಪ್ಪಿಗೆ ನಮ್ಮವರು ಕ್ಷಮೆ ಕೇಳುವುದೇ ಹಾಗೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಲೂಪೆ ಕೂಸನ್ನು ಎತ್ತಿಕೊಂಡು ಹೊರಬಂದಳು. ಬಗ್ಗಿ ಅವರ ತಲೆಯ ಮೇಲಿನ ಚಾಪೆ ಸರಿಸಿದಳು; ಕ್ಷಮಿಸಿದೆ ಎಂದು ಅದರ ಅರ್ಥ.

"ಏಳಿ ಅತ್ತೆ. ನಾಳೆ ಕೂಸನ್ನ ಡಾಕ್ಟ್ರಿಗೆ ತೋರಿಸ್ಬೇಕು. ಕಂಪ್ಯೂಟರ್ ಹಚ್ಚಿಕೊಡೋರು ನೀವೇ."

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಸಂಘದ ಕಂಪ್ಯೂಟರನ್ನೂ ಇವತ್ತೇ ತೆರೆದು ನೋಡಿ. ಹೊಸ ಸಾಫ್ಟ್‌ವೇರ್ ಹಾಕುವ ಮುಂಚೆ ಅದೇ ಒಳಗಿದೆಯೇ ಎಂದು ನೋಡಿ. ಇದ್ದರೆ ಅದನ್ನೇ ಅಪ್‌ಡೇಟ್ ಮಾಡಿ, ಹೆಚ್ಚಿನದನ್ನು ತೆಗೆಯಿರಿ. ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಕೇಳಿ. ಕೇಳುವಾಗಿನ ನಾಚಿಕೆ ಒಂದು ಗಳಿಗೆಯದು. ಲೂಪೆಯ ಅಂಗಳದಲ್ಲಿ ಕೂತ ನಾಚಿಕೆ ಹಾಗಲ್ಲ.