ಬೆನ್ನು ತುಳಿಯುವ ಈರಮ್ಮ

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಹಾಗಾಗಿ ಸಿರುಗುಪ್ಪದ ಅಕ್ಕಿ ಮಿಲ್ಲಿನ ಹಮಾಲರು ಕೆಲಸಕ್ಕೆ ಹೋಗುವ ಮುಂಚೆ ನನ್ನ ಅಂಗಳದಲ್ಲಿ ಬೋರಲು ಮಲಗುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಒಬ್ಬೊಬ್ಬರ ಬೆನ್ನಿನ ಮೇಲೆ ಹತ್ತಿ ಇಳಿಯುತ್ತಿದ್ದೆ. ಅವರು ಸೇರು ನುಚ್ಚು ಕೊಟ್ಟು ಹೋಗುತ್ತಿದ್ದರು. ಸುಳ್ಳೇಕೆ ಹೇಳಲಿ, ನುಚ್ಚಿಗಿಂತ ಆ ಮರ್ಯಾದೆ ನನಗೆ ಹಿಡಿಸಿತ್ತು.

ಹನ್ನೆರಡು ವರ್ಷ ತುಳಿದ ಮೇಲೆ ಯಾರ ನೋವು ಎಲ್ಲಿಂದ ಬಂತೆಂದು ನನ್ನ ಅಂಗಾಲಿಗೇ ಗೊತ್ತಾಗುತ್ತಿತ್ತು. ಬಲ ಹೆಗಲಿಗೆ ಚೀಲ ಹೊರುವವನ ಎಡ ಪಕ್ಕದ ಮಾಂಸ ಕಲ್ಲಾಗಿರುತ್ತದೆ. ಲಾರಿಗೆ ಆನಿಸಿದ ಹಲಗೆ ಹತ್ತಿ, ಪಾದ ಊರಿಕೊಂಡೇ ನಡು ಹೊರಳಿಸಿ ಚೀಲ ಒಗೆಯುವವನ ನೋವು ಸೊಂಟದಲ್ಲಿ ಕೂತಿರುತ್ತದೆ. ನೂರು ಕಿಲೋ ಹೊತ್ತಾಗ ನಡು ತಿರುಗಿಸಬೇಡಿ, ಹೆಜ್ಜೆ ತಿರುಗಿಸಿ ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಹೆಜ್ಜೆ ತಿರುಗಿಸಲು ಆ ಹಲಗೆ ಗೇಣಗಲವೂ ಇಲ್ಲವಲ್ಲ ಎಂದು ನಗುತ್ತಿದ್ದರು. ಅಗಲದ ಹಲಗೆ ಹಾಕಿಸಿ ಎಂದು ಮಿಲ್ಲಿಗೇ ಹೋಗಿ ಕೇಳಿದೆ. ಮಾಲೀಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮನೆಗೆ ಹೋಗಿ ರೊಟ್ಟಿ ಬಡಿ ಎಂದ. ಅವನ ಬಾಯಿಗೆ ಮಣ್ಣು ಬೀಳಲಿ.

ಆ ಹಲಗೆ ಹತ್ತುವವರಲ್ಲಿ ನನ್ನ ಗಂಡನೂ ಒಬ್ಬ. ಗಂಡನ ಹೆಸರು ಹೇಳಬಾರದೆನ್ನುತ್ತಾರೆ. ನಾನು ಹೇಳುತ್ತೇನೆ, ಮೈಲಾರಪ್ಪ. ಎಪ್ಪತ್ತನಾಲ್ಕರ ಸುಗ್ಗಿಯಲ್ಲಿ ಒಂದು ದಿನ ಅವನು ಗೋಡೆ ಹಿಡಿದುಕೊಂಡು ಮನೆಗೆ ಬಂದ. ಬಲಗಾಲು ಜೋಮು ಹಿಡಿದಿತ್ತು. ಮಲಗಿಸಿ, ಭಾರ ಬಿಡದೆ ಹೆಬ್ಬೆರಳಷ್ಟೇ ಇಟ್ಟು ನೋಡಿದೆ. ಸೊಂಟದ ಹತ್ತಿರ ಬೆನ್ನೆಲುಬಿನ ಸಾಲು ತಪ್ಪಿತ್ತು. ಒಂದು ಎಲುಬು ಒಳಕ್ಕೆ ಜಾರಿ ಅಲ್ಲಿ ಮೆಟ್ಟಿಲಿನಂಥ ತಗ್ಗು ಬಿದ್ದಿತ್ತು.

“ನಾ ತುಳಿಯಂಗಿಲ್ಲ. ಇದು ಉಳುಕಲ್ಲ, ಎಲುಬು ಜಾರೈತಿ,” ಎಂದೆ. ಬಳ್ಳಾರಿಯ ದೊಡ್ಡ ದವಾಖಾನೆಗೆ ಹೋಗೋಣವೆಂದು ಎರಡು ದಿನ ಗೋಗರೆದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಬೆಳಿಗ್ಗೆ ಮಿಲ್ಲಿನ ಮೇಸ್ತ್ರಿ ಬಾಗಿಲಿಗೆ ಬಂದು, ಇವತ್ತು ಬಾರದಿದ್ದರೆ ಅವನ ಜಾಗಕ್ಕೆ ಬೇರೆಯವನನ್ನು ಹಾಕುತ್ತೇನೆ ಎಂದು ಹೇಳಿ ಹೋದ. ಮೈಲಾರಪ್ಪ ತೆವಳಿಕೊಂಡು ಅಂಗಳಕ್ಕೆ ಬಂದು ಬೋರಲು ಬಿದ್ದ.

“ಊರಾಗಿನ ಹಮಾಲರನ್ನೆಲ್ಲ ತುಳದು ಎಬ್ಬಿಸ್ತಿ. ನಿನ್ನ ಗಂಡ ಒಬ್ಬನ ಬ್ಯಾಡಾದ್ನೇನ್ಲೇ?”

ಆ ಮಾತು ನನಗೆ ಚುರ್ರೆಂದಿತು. ಹತ್ತಬಾರದೆಂದು ಗೊತ್ತಿತ್ತು. ಗೊತ್ತಿದ್ದೂ ಹತ್ತಿದೆ. ತಗ್ಗಿನ ಮೇಲೆ ಹಿಮ್ಮಡಿ ಊರಿದಾಗ ಒಳಗೆ ಏನೋ ಲಟಕ್ಕೆಂದಿತು. ಅವನು ಕೂಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಧೋತರ ಒದ್ದೆಯಾಯಿತು. ಅದು ಅವನಿಗೆ ತಿಳಿಯಲೇ ಇಲ್ಲ.

ಬಳ್ಳಾರಿಯ ಡಾಕ್ಟರರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಭಾರ ಹೊತ್ತು ನಡು ತಿರುಚಿ ತಿರುಚಿ ಎಲುಬು ವರ್ಷಗಳಿಂದ ಸಡಿಲವಾಗಿತ್ತು, ಆದರೆ ಈಗ ಒಮ್ಮೆಲೇ ಯಾರೋ ಒತ್ತಿದ್ದಾರೆ, ಯಾರು ಎಂದು ಕೇಳಿದರು. ನಾನು ಹಿಂದೆಯೇ ನಿಂತಿದ್ದೆ.

“ಚೀಲ ಬಿತ್ರಿ,” ಎಂದ ಮೈಲಾರಪ್ಪ.

ಇನ್ನೊಮ್ಮೆ ಕೇಳಿದಾಗಲೂ ಅಷ್ಟೇ ಹೇಳಿದ. ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇಂದಿಗೂ ನನ್ನನ್ನು ತಿನ್ನುತ್ತಿದೆ. ಕಾಲುಗಳು ಮತ್ತೆ ಬರುವುದಿಲ್ಲ ಎಂದು ಡಾಕ್ಟರರು ಹೇಳಿ ಕಳಿಸಿದರು.

ತಿಂಗಳು ಕಳೆದ ಮೇಲೆ ಮೂವರು ಹಮಾಲರು ಬಂದು ಅಂಗಳದಲ್ಲಿ ಮಲಗಿದರು. ತುಳಿ, ಇನ್ನೇನು ತಿನ್ನೋಣ ಎಂದು ಮೈಲಾರಪ್ಪ ಮಂಚದಿಂದಲೇ ಹೇಳಿದ. ಮುಂದೆ ಮಲಗಿದ್ದವನು ಚಿದಾನಂದಪ್ಪ. ಅವನ ಬೆನ್ನಿಗೆ ಪಾದ ಇಟ್ಟೆ, ಭಾರ ಬಿಡಲಾಗಲಿಲ್ಲ. ಇಳಿದುಬಿಟ್ಟೆ.

“ಚೀಲ ಬಿದ್ದಿಲ್ಲ. ನಾನ ತುಳದು ಮುರದೆ. ಇನ್ನ ಯಾರ ಕಡೀಂದ್ಲೂ ತುಳಿಸ್ಕೋಬ್ಯಾಡ್ರಿ.”

ಮೈಲಾರಪ್ಪ ಗೋಡೆಯ ಕಡೆ ಮುಖ ಮಾಡಿದ. ಹಮಾಲರು ಎದ್ದು ಕೂತರು. ನನ್ನನ್ನು ಯಾರೂ ಬೈಯಲಿಲ್ಲ. ಚಿದಾನಂದಪ್ಪ ಅಂಗಿಯ ಮಣ್ಣು ಕೊಡವಿಕೊಂಡು, ಪಕ್ಕದ ದೇಶನೂರಿನಲ್ಲಿ ಕಾಲು ಮುಂದಾಗಿ ಹುಟ್ಟಿದವಳು ಒಬ್ಬಳು ಇದ್ದಾಳಂತೆ ಹೌದೇ ಎಂದು ಉಳಿದವರನ್ನು ಕೇಳಿದ. ಹೌದು, ಗಾದೆಮ್ಮ, ಈರಮ್ಮನಿಗಿಂತ ಮೈ ತುಂಬಿದವಳು, ತುಳಿತವೂ ಜೋರು ಎಂದ ಇನ್ನೊಬ್ಬ. ಮಿಲ್ಲಿನ ಹೊತ್ತಾಗುವುದರೊಳಗೆ ತಿರುಗಿ ಬರಬೇಕೆಂದು ಮೂವರೂ ನಡು ಹಿಡಿದುಕೊಂಡು ದೇಶನೂರಿನ ದಾರಿ ಹಿಡಿದರು.