ನಷ್ಟದಲ್ಲೂ ಪಾಲು

ಶಿಡ್ಲಘಟ್ಟದ ಬಯ್ಯಪ್ಪನವರ ಮನೆಯಲ್ಲಿ ಬೆಳಗಾಗುತ್ತಿದ್ದುದೇ ರೇಷ್ಮೆಗೂಡು ಬೇಯುವ ವಾಸನೆಯಿಂದ. ಹಿತ್ತಲ ಶೆಡ್ಡಿನಲ್ಲಿ ಹೆಂಡತಿ ಆಂಜಿನಮ್ಮ ಬಿಸಿನೀರಿನ ತೊಟ್ಟಿಗೆ ಕೈಯಿಟ್ಟು ಎಳೆ ಹುಡುಕುತ್ತಿದ್ದರು. ಸೊಸೆ ಕವಿತ ರಾಟೆ ನೋಡಿಕೊಳ್ಳುತ್ತಿದ್ದಳು. ನೂಲಿಗೆ ಒಳ್ಳೆಯ ಹೆಸರಿತ್ತು. ಆದರೂ ಆ ಮನೆಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ.

ಗೂಡು ಕೊಳ್ಳಲು ಬಯ್ಯಪ್ಪ ಲೇವಾದೇವಿಯ ಮೋಹನ್‌ಬಾಬುವಿನ ಹತ್ತಿರ ಸಾಲ ತರುತ್ತಿದ್ದರು. ಹತ್ತು ಸಾವಿರ ಎಂದರೆ ಕೈಗೆ ಬರುವುದು ಎಂಟೂವರೆ. ಬಡ್ಡಿಯನ್ನು ಮೊದಲೇ ಮುರಿದುಕೊಳ್ಳುವುದು ವಾಡಿಕೆ. ಹತ್ತು ವಾರದೊಳಗೆ ಪೂರ್ತಿ ಹತ್ತು ಸಾವಿರ ಕಟ್ಟಬೇಕು. ನೂಲಿನ ಬೆಲೆ ಬಿದ್ದರೂ ಬಡ್ಡಿ ಬೀಳುವುದಿಲ್ಲ. ಆಂಜಿನಮ್ಮನ ಬಳೆ, ಕವಿತಳ ಓಲೆ ಅದಕ್ಕೇ ಹೋದವು. ಕೂಲಿಯವಳನ್ನು ಬಿಡಿಸಿ, ಅರವತ್ತು ದಾಟಿದ ಆಂಜಿನಮ್ಮನೇ ತೊಟ್ಟಿಯ ಮುಂದೆ ಕೂತದ್ದೂ ಅದಕ್ಕೇ. ಬೆರಳ ಸಂದಿನ ಹುಣ್ಣಿನಿಂದ ಮುದ್ದೆ ಮುರಿಯಲಾರದೆ ಅತ್ತೆ ತಟ್ಟೆ ಸರಿಸಿದ ದಿನ ಕವಿತ ತಡೆಯಲಾರದೆ ಹೇಳಿದಳು:

"ಮಾವ, ಇನ್ನು ಆ ಸಾಲ ಬೇಡ. ಖುರ್ಷಿದಾ ಟೀಚರ್ ಸಂಘದಲ್ಲಿ ಕೇಳಣ, ಅಲ್ಲಿ ಬಡ್ಡಿ ಇಲ್ವಂತೆ."

"ಬಡ್ಡಿ ಇಲ್ದೆ ಯಾರು ಕೊಡ್ತಾರಮ್ಮ? ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿರೋದು ಇದು. ಅದೂ ಸಾಬರ ಸಂಘ. ನಮಗ್ಯಾಕೆ?"

ಆಂಜಿನಮ್ಮ ಅಂಗೈ ಚಾಚಿದರು. "ಮೋಹನ್‌ಬಾಬು ನಮ್ಮೋನೇ ಅಲ್ವಾ? ನೋಡಿ, ನಮ್ಮೋನು ಮಾಡಿರೋದು."

ಮಾರನೆಯ ದಿನ ಬಯ್ಯಪ್ಪ ಸೊಸೆಯ ಹಿಂದೆ ಹೊರಟರು.

ಖುರ್ಷಿದಾ ನಿವೃತ್ತ ಶಿಕ್ಷಕಿ. ಹನ್ನೆರಡು ವರ್ಷದ ಹಿಂದೆ ಎಂಟು ಹೆಂಗಸರು ಅವರ ಮನೆಯ ಜಗುಲಿಯಲ್ಲಿ ವಾರಕ್ಕೆ ಇಪ್ಪತ್ತು ರೂಪಾಯಿ ಕೂಡಿಸಲು ಶುರುಮಾಡಿದ್ದರು. ಈಗ ಅದು ನೋಂದಾಯಿತ ಸಹಕಾರ ಸಂಘ. ಚಿಂತಾಮಣಿ, ಗೌರಿಬಿದನೂರಿನಲ್ಲೂ ಸದಸ್ಯರಿದ್ದರು, ಎಲ್ಲ ಜಾತಿಯವರೂ ಇದ್ದರು.

"ನಮ್ಮ ಧರ್ಮದಲ್ಲಿ ಬಡ್ಡಿ ನಿಷಿದ್ಧ, ಬಯ್ಯಪ್ಪನೋರೆ. ದುಡ್ಡು ಕೂತಲ್ಲೇ ಮರಿ ಹಾಕಬಾರದು. ದುಡಿಯೋರ ಜೊತೆ ಕಷ್ಟ ಸುಖ ಎರಡೂ ನೋಡ್ಬೇಕು. ಹಳೇ ಸಾಲ ತೀರಿಸೋಕೆ ಬಡ್ಡಿಯಿಲ್ಲದ ಕೈಸಾಲ ಕೊಡ್ತೀವಿ, ತಗೊಂಡಷ್ಟೇ ವಾಪಸ್ ಕೊಡಿ. ಗೂಡಿನ ವ್ಯಾಪಾರಕ್ಕೆ ದುಡ್ಡು ಸಂಘದ್ದು, ದುಡಿಮೆ ನಿಮ್ಮದು. ಲಾಭ ಅರ್ಧರ್ಧ."

"ನಷ್ಟ ಬಂದ್ರೆ?"

"ನಿಮ್ಮ ಮೋಸ, ಅಸಡ್ಡೆ ಇಲ್ದೆ ಬಂದ್ರೆ ನಮ್ಮ ದುಡ್ಡು ಹೋಯ್ತು, ನಿಮ್ಮ ಬೆವರು ಹೋಯ್ತು. ಅಷ್ಟೇ."

ಬಯ್ಯಪ್ಪ ನಕ್ಕರು. "ಈ ಮಾತು ನಷ್ಟ ಬಂದಾಗ ನೋಡಣ."

ಮೂರನೆಯ ತಿಂಗಳಿಗೇ ಬಂತು. ನೂಲಿನ ಬೆಲೆ ಕುಸಿದು ಹದಿನೆಂಟು ಸಾವಿರ ಕೈಬಿಟ್ಟು ಹೋಯಿತು. ತಲೆ ತಗ್ಗಿಸಿ ಸೊಸೆಯ ಜೊತೆ ಸಂಘಕ್ಕೆ ಹೋಗುತ್ತಿದ್ದ ಬಯ್ಯಪ್ಪನನ್ನು ಮೋಹನ್‌ಬಾಬು ದಾರಿಯಲ್ಲೇ ತಡೆದ. "ಸುಮ್ನೆ ಅಲೀಬೇಡ. ಕೊನೆಗೆ ನನ್ನ ಹತ್ರಾನೇ ಬರ್ಬೇಕು ನೀನು."

ಖುರ್ಷಿದಾ ಮಾರುಕಟ್ಟೆಯ ಚೀಟಿಗಳನ್ನು ಒಂದೊಂದಾಗಿ ನೋಡಿದರು. ಒಂದೆರಡು ಪ್ರಶ್ನೆ ಕೇಳಿದರು. ಆಮೇಲೆ ಪುಸ್ತಕದಲ್ಲಿ 'ನಷ್ಟ ಸಂಘದ್ದು' ಎಂದು ಬರೆದು ತಲೆಯೆತ್ತಿದರು.

"ಮುಂದಿನ ವಾರಕ್ಕೆ ಎಷ್ಟು ಗೂಡು ಬೇಕು?"

ಬಯ್ಯಪ್ಪನವರ ಐವತ್ತು ವರ್ಷದ ವ್ಯಾಪಾರದಲ್ಲಿ ಸೋತು ಬಂದವನನ್ನು ಹೀಗೆ ಕೇಳಿದವರಿರಲಿಲ್ಲ. ಲೆಕ್ಕ ಹೇಳಿದವಳು ಕವಿತ.

ಮುಂದಿನ ವರ್ಷ ಬೆಲೆ ಏರಿತು. ಇಬ್ಬರು ಕೂಲಿಯವರು ಬಂದರು, ಆಂಜಿನಮ್ಮನ ಕೈ ಮಾಯಿತು. ಆಗೊಂದು ಬೆಳಗ್ಗೆ ಬಯ್ಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಖುರ್ಷಿದಾ ಅವರ ಮೇಜಿನ ಮೇಲೆ ಹದಿನೆಂಟು ಸಾವಿರ ಇಟ್ಟರು.

"ಅವತ್ತು ಹೋದ ನಿಮ್ಮ ದುಡ್ಡು, ಟೀಚರಮ್ಮ."

"ಆ ನಷ್ಟ ನಮ್ಮದು. ಇದನ್ನ ಮುಟ್ಟಿದ್ರೆ ನಾವು ನಿಯಮ ಮುರಿದ ಹಾಗೆ. ತಗೊಂಡು ಹೋಗಿ."

ಬಯ್ಯಪ್ಪ ಎದ್ದೇಳಲಿಲ್ಲ. ಹಣವನ್ನು ಮತ್ತೆ ಅವರ ಕಡೆಗೇ ಸರಿಸಿದರು.

"ಹಾಗಾದ್ರೆ ಜಂಗಮಕೋಟೆಯಿಂದ ಯಾರೋ ಹೊಸಬಳು ಕೇಳ್ತಾವ್ಳೆ ಅಂದ್ರಲ್ಲ, ಅವಳ ವ್ಯಾಪಾರಕ್ಕೆ ಹಾಕಿ. ಲಾಭ ಬಂದ್ರೆ ಬರ್ಲಿ. ನಷ್ಟ ಬಂದ್ರೆ ನನ್ನ ಹೆಸರೂ ಬರೀರಿ."